ಪದ್ಮಯ್ಯಜ್ಜ ಹಾಕಿದ ಗಾಳಿ

ಮೊನ್ನೆ ದಾವಣಗೆರೆಯಲ್ಲಿ ನನ್ನ ಸೈಕಲ್ಲಿನ ಹಿಂದಿನ ಟಯರು ಬದಲಾಯಿಸಲು ಅಂಗಡಿಗೆ ಹೋಗಿದ್ದೆ. ಹೊರಗೆ ಒಂದು ಮಳೆ ಬಂದು ಆಗಷ್ಟೇ ನಿಂತಿತ್ತು. ಗೋಡೆಗೆ ನೇತುಹಾಕಿದ್ದ ಹೊಸ ಟಯರುಗಳ ವಾಸನೆ ಒದ್ದೆ ಮಣ್ಣಿನ ವಾಸನೆಯ ಜೊತೆ ಸೇರಿಕೊಂಡು ಬಾಗಿಲಲ್ಲೇ ಮೂಗಿಗೆ ಬಡಿಯಿತು. ಅಂಗಡಿಯವನು ಟಯರು ಕೂರಿಸಿ, ಪಂಪು ಸಿಕ್ಕಿಸಿ, "ಎಷ್ಟು ಗಾಳಿ ಹಾಕ್ಲಿ ಮೇಡಂ?" ಎಂದ. ಇಷ್ಟೇ ಇಷ್ಟು ಪ್ರಶ್ನೆ, ಅಷ್ಟಕ್ಕೇ ನಾನು ಆ ಅಂಗಡಿಯಲ್ಲೇ ಇರಲಿಲ್ಲ. ಹುಂಚದ ಆಚೆಯ ಒಂದು ಗುಡ್ಡದ ಇಳಿಜಾರಿನಲ್ಲಿ ವನಜಕ್ಕನ ಹಿಂದೆ ನಿಂತಿದ್ದೆ.

ನಾನು ಹೈಸ್ಕೂಲಿನ ಗಣಿತದ ಟೀಚರು, ಬಯಲುಸೀಮೆಯವಳು. ಒಂದು ವರ್ಷದ ಮಟ್ಟಿಗೆ ಎಂದು ಹೊಸನಗರ ತಾಲ್ಲೂಕಿಗೆ, ಹುಂಚದ ಹತ್ತಿರದ ಶಾಲೆಗೆ ನನ್ನನ್ನು ಹಾಕಿದಾಗ ಮನೆಯಲ್ಲಿ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟಿದ್ದೆ. ಸಿಟ್ಟು ಇಳಿದ ಮೇಲೆ ನನ್ನ ಮೌಂಟನ್ ಬೈಕನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಹೊರಟೆ. ನಮ್ಮ ಕಡೆಯ ಬೋಳು ಗುಡ್ಡಗಳಲ್ಲಿ ಭಾನುವಾರ ಭಾನುವಾರ ಸೈಕಲ್ ತುಳಿಯುವುದು ನನ್ನ ಚಟ. ಗುಡ್ಡ ಎಲ್ಲಿದ್ದರೂ ಗುಡ್ಡವೇ ತಾನೇ ಅಂದುಕೊಂಡಿದ್ದೆ. ಆರಿದ್ರಾ ಮಳೆ ಹಿಡಿದ ಮೇಲೆ ಗೊತ್ತಾಯಿತು ನೋಡಿ. ನಮ್ಮಲ್ಲಿ ಮಳೆ ಬರುತ್ತದೆ, ಹೋಗುತ್ತದೆ. ಅಲ್ಲಿ ಅದು ವಾಸಕ್ಕೇ ಬಂತು. ಬೆಳಿಗ್ಗೆ ಕಂಡ ರಸ್ತೆ ಸಂಜೆಗೆ ಹಳ್ಳ, ನಿನ್ನೆ ಕೆಂಪಗಿದ್ದ ರಸ್ತೆ ಬದಿಯ ಧರೆ ಇವತ್ತು ಹಸಿರು. ಕಿಟಕಿಗೆ ಮುಖ ಆನಿಸಿ ನಿಂತು, ಅಬ್ಬಾ, ಆಕಾಶದಲ್ಲಿ ಇನ್ನೆಷ್ಟು ಉಳಿದಿರಬಹುದು ಎಂದು ಬೆರಗಾಗುವುದೇ ನನ್ನ ಮೊದಲ ವಾರದ ಕೆಲಸವಾಯಿತು.

ಪಕ್ಕದ ಕ್ವಾರ್ಟರ್ಸಿನಲ್ಲಿ ವನಜಕ್ಕ ಇದ್ದರು. ಆರೋಗ್ಯ ಉಪಕೇಂದ್ರದ ಸಿಸ್ಟರ್. ಐವತ್ತು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು, ನಕ್ಕರೆ ರಸ್ತೆಯಾಚೆಗೂ ಕೇಳಬೇಕು. ಗಂಡ ಗಣಪತಿಯಣ್ಣ ತೀರ್ಥಹಳ್ಳಿ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರು. ಹಳ್ಳದಾಚೆಯ ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಇರುವ ಮನೆಗಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು, ಹಸುಗೂಸುಗಳ ತೂಕ ಮಾಡುವುದು ವನಜಕ್ಕನ ಕೆಲಸ. ಹಿಂದಿನ ಮಳೆಗಾಲದಲ್ಲಿ ಅವರು ಆ ಗುಡ್ಡಕ್ಕೆ ಹೋಗುವ ದಾರಿಯಲ್ಲೇ, ಹಳ್ಳದ ಈಚೆ, ಸ್ಕೂಟರಿನಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದರು. ಕೈ ಕೂಡಿಕೊಂಡಿತ್ತು. ಆದರೆ ಆಸ್ಪತ್ರೆಯ ಡಾಕ್ಟ್ರು ಒಂದು ಮಾತು ಹೇಳಿಬಿಟ್ಟಿದ್ದರು. ಈ ಮಳೆಗಾಲ ನೋಡುತ್ತೇನೆ, ಗುಡ್ಡ ಹತ್ತಿ ಇಳಿಯುವುದು ಕಷ್ಟ ಅಂತ ಕಂಡರೆ ನಿಮಗೆ ಆಸ್ಪತ್ರೆಯಲ್ಲೇ ಮೇಜಿನ ಕೆಲಸ ಎಂದು.

"ಒಳ್ಳೇದೇ ಆಯ್ತಲ್ಲ ಅಕ್ಕ, ಫ್ಯಾನಿನ ಕೆಳಗ ಕುಂದ್ರಬಹುದು" ಎಂದೆ ನಾನು, ಏನೂ ತಿಳಿಯದವಳು.

ವನಜಕ್ಕ ನಗಲಿಲ್ಲ. "ನಾನು ಕೂತ್ಕೊಳ್ತೀನಿ, ಸರಿ. ಆ ಮನೆಗಳಿಗೆ ಯಾರು ಹೋಗ್ತಾರೆ ಟೀಚರ್ರೇ? ನನ್ನ ಜಾಗಕ್ಕೆ ಬೇರೆಯವ್ರನ್ನ ಕೊಡೂದಿಲ್ಲ. ಜೀಪು ಹಳ್ಳ ದಾಟೂದು ಮಳೆ ಬಿಟ್ಟ ಮೇಲೇ. ಅಲ್ಲೀವರೆಗೆ ಬಾಣಂತೀರು ಎಂತ ಮಾಡ್ಬೇಕು?"

ಹಳ್ಳಕ್ಕೆ ಅಡ್ಡವಾಗಿ ಇರುವುದು ಮರದ ದಿಮ್ಮಿಯ ಸಂಕ. ಸ್ಕೂಟರು ಅದರ ಮೇಲೆ ದಾಟುವುದಿಲ್ಲ. ನಡೆದು ಹೋದರೆ ಒಂದು ಮನೆ ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಸೈಕಲ್ಲಾದರೆ ಹೆಗಲಿಗೇರಿಸಿಕೊಂಡು ಸಂಕ ದಾಟಬಹುದು, ಆಚೆ ಹತ್ತಿ ಓಡಿಸಬಹುದು. ಇದು ವನಜಕ್ಕನ ತಲೆಗೇ ಹೊಳೆದದ್ದು. ಅವರ ತಮ್ಮನ ಮಗ ಆಸೆಪಟ್ಟು ಕೊಂಡು, ನಾಲ್ಕು ದಿನಕ್ಕೆ ಬೇಜಾರಾಗಿ ಬಿಟ್ಟುಹೋದ ಗೇರಿನ ಸೈಕಲ್ಲೊಂದು ಹಿತ್ತಲಲ್ಲಿ ಜೇಡರ ಬಲೆ ಕಟ್ಟಿಸಿಕೊಂಡು ನಿಂತಿತ್ತು. "ಸಣ್ಣೋಳಿದ್ದಾಗ ಹುಂಚದ ತನಕ ಕೈ ಬಿಟ್ಟು ಹೊಡೀತಿದ್ದೆ" ಎಂದು ನನ್ನ ಕಡೆ ನೋಡಿದರು. ನನ್ನ ಚಟಕ್ಕೆ ಇಷ್ಟು ಸಾಕಾಯಿತು.

ಸೈಕಲ್ ತೊಳೆದು, ಎಣ್ಣೆ ಬಿಟ್ಟು, ನಮ್ಮ ಕಡೆಯ ಲೆಕ್ಕದಲ್ಲೇ ಎರಡೂ ಚಕ್ರಕ್ಕೆ ಗಟ್ಟಿ ಗಾಳಿ ಹಾಕಿದೆವು. ಕಾಡಿನ ದಾರಿಯ ಕೆಂಪು ಮುರಕಲ್ಲಿನ ಮೇಲೆ ಹಾವಸೆ, ಜಾರುವ ಹಸಿರು ಪಾಚಿ, ಕಟ್ಟಿತ್ತು. ಅದರ ಮೇಲೆ ಚಕ್ರ ಇಟ್ಟದ್ದೇ ತಡ, ಇಬ್ಬರೂ ಒಬ್ಬರ ಹಿಂದೊಬ್ಬರು ದಬಾಲನೆ ಬಿದ್ದೆವು. ಪುಣ್ಯಕ್ಕೆ ಮೆತ್ತಗಿನ ಜಾಗ. ಮಣ್ಣಿನ ದಾರಿಗಿಳಿದರೆ ಇನ್ನೊಂದು ಪಡಿಪಾಟಲು. ನಮ್ಮಿಬ್ಬರ ಟಯರುಗಳೂ ಒಣ ನೆಲದವು. ಮೈಮೇಲಿನ ರಬ್ಬರ್ ಹಲ್ಲುಗಳು ಸಣ್ಣವು, ಒತ್ತೊತ್ತಾಗಿ ಕೂತವು. ಜೇಡಿಮಣ್ಣು ಆ ಸಂದಿಯಲ್ಲಿ ಮೆತ್ತಿ ಮೆತ್ತಿ, ಹಲ್ಲೇ ಕಾಣದಂತಾಗಿ, ಕೊನೆಗೆ ಚಕ್ರವೇ ತಿರುಗದೆ ನಿಂತುಬಿಟ್ಟಿತು. ಇಬ್ಬರೂ ಕಡ್ಡಿ ಹಿಡಿದು ಮಣ್ಣು ಕೆರೆಯುತ್ತ ಕೂತೆವು. ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿದ್ದು ಗೊತ್ತಾಗಿ ನಾನು ಕಿರುಚಿಕೊಂಡ ಪರಿಗೆ ವನಜಕ್ಕ ಆ ಕೆಸರಿನಲ್ಲೇ ಬಿದ್ದು ಬಿದ್ದು ನಕ್ಕರು.

ಒದ್ದೆ ನೆಲದಲ್ಲಿ ಹಿಡಿತ ಸಿಗಬೇಕಾದರೆ ಗಾಳಿ ಇಳಿಸಬೇಕು ಎಂದು ನನಗೆ ಪುಸ್ತಕದ ಮಟ್ಟಿಗೆ ಗೊತ್ತಿತ್ತು. ಎಷ್ಟು ಇಳಿಸಬೇಕು, ಇಳಿಸಿದರೆ ಏನಾಗುತ್ತದೆ ಎಂದು ನೋಡಿದ್ದು ಮಾತ್ರ ಅಲ್ಲಿಯೇ. ಒಂದು ಭಾನುವಾರ ಕ್ವಾರ್ಟರ್ಸಿನ ಜಗಲಿಯಲ್ಲಿ ಹಳೆ ಪೇಪರು ಹಾಸಿ, ಟಯರಿಗೆ ಕೆಮ್ಮಣ್ಣು ನೀರು ಬಳಿದು, ವನಜಕ್ಕನನ್ನು ಸೈಕಲ್ಲಿನ ಮೇಲೆ ಕೂರಿಸಿದೆ. ಗಟ್ಟಿ ಗಾಳಿಗೆ ಪೇಪರಿನ ಮೇಲೆ ಬಿದ್ದ ಗುರುತು ಒಂದು ಗೋಟಡಿಕೆಯಷ್ಟು. ಗಾಳಿ ಬಿಟ್ಟು ಬಿಟ್ಟು ಮತ್ತೆ ಒತ್ತಿದ ಹಾಗೆ ಆ ಗುರುತು ಅಗಲವಾಗುತ್ತ ಹೋಯಿತು. ವನಜಕ್ಕ ಕೆಳಗಿಳಿದು ಗುರುತಿನ ಮೇಲೆ ಅಂಗೈ ಇಟ್ಟು ನೋಡಿದರು. ಹೆಚ್ಚು ಕಡಿಮೆ ಅಷ್ಟೇ ಇತ್ತು.

"ಇಷ್ಟೇಯಾ? ನನ್ನ ಇಡೀ ಮೈಯಿ, ಬ್ಯಾಗು, ತೂಕದ ಯಂತ್ರ, ಎಲ್ಲಾ ಸೇರಿ ನಿಂತದ್ದು ಇಷ್ಟರ ಮೇಲೆ?"

"ಹಿಂದಿಂದು ಇನ್ನೊಂದು ಅಂಗೈ ಅಷ್ಟೇ ಅಕ್ಕ."

"ಅಯ್ಯೋ ದೇವ್ರೇ" ಎಂದರು ವನಜಕ್ಕ. ಬಹಳ ಹೊತ್ತು ಆ ಪೇಪರನ್ನೇ ನೋಡಿದರು. ನಾನು ಎಷ್ಟು ವರ್ಷಗಳಿಂದ ಸೈಕಲ್ ತುಳಿದವಳು, ಎಷ್ಟು ಮಕ್ಕಳಿಗೆ ವಿಸ್ತೀರ್ಣದ ಲೆಕ್ಕ ಹೇಳಿಕೊಟ್ಟವಳು. ನನಗೂ ಅವತ್ತು ಮೈ ಜುಮ್ಮೆಂದಿತು. ನಮ್ಮನ್ನು ಈ ನೆಲ ಹಿಡಿದುಕೊಂಡಿರುವುದು ಇಷ್ಟು ಚಿಕ್ಕ ಜಾಗದಲ್ಲಿ.

ಗಾಳಿಯ ವಿಷಯ ಅರ್ಧ ಬಗೆಹರಿಯಿತು, ಟಯರಿನದು ಉಳಿಯಿತು. ಪುನರ್ವಸು ಮಳೆ ಒಂದು ದಿನ ಬಿಡುವು ಕೊಟ್ಟಾಗ ಸೈಕಲ್ಲುಗಳನ್ನು ಬಸ್ಸಿಗೆ ಹಾಕಿಕೊಂಡು ಸಾಗರಕ್ಕೆ ಹೋದೆವು. ಅಂಗಡಿಯವರು ಮೊದಲು ತೋರಿಸಿದ್ದು ದಪ್ಪ ದಪ್ಪನೆಯ ಟಯರು. "ತಗೊಳ್ಳಿ ಮೇಡಂ, ನೋಡೋಕೆ ಗಂಭೀರವಾಗಿ ಇರ್ತದೆ" ಎಂದರು. ವನಜಕ್ಕ ಅದನ್ನು ಚಕ್ರ ಕೂರುವ ಚೌಕಟ್ಟಿನ ಕವಲಿಗೆ ಹಿಡಿದು ನೋಡಿ, "ಇದ್ರ ಸುತ್ತ ಮಣ್ಣು ಎಲ್ಲಿಂದ ಉದುರ್ಬೇಕು? ಜಾಗ ಎಲ್ಲಿದೆ?" ಎಂದರು. ಅವರು ಹೇಳಿದ್ದು ಸರಿಯಿತ್ತು. ಕೊನೆಗೆ ಗೋದಾಮಿನ ಮೂಲೆಯಿಂದ ಹೊರಬಂದದ್ದು ಅಷ್ಟೇನೂ ಅಗಲವಿಲ್ಲದ, ಆದರೆ ಎತ್ತರದ ಹಲ್ಲುಗಳು ದೂರ ದೂರ ಕೂತಿದ್ದ ಒಂದು ಜೊತೆ. ಹಲ್ಲನ್ನು ಉಗುರಿನಿಂದ ಒತ್ತಿದರೆ ಮೆತ್ತಗಿತ್ತು. ಮೆತ್ತನೆ ರಬ್ಬರು ಬೇಗ ಸವೆಯುತ್ತದೆ ನಿಜ, ಆದರೆ ಒದ್ದೆ ಕಲ್ಲು, ಒದ್ದೆ ಬೇರು ಹಿಡಿಯುವುದು ಅದೇ. "ಇದು ಯಾರೂ ತಗೊಳ್ಳೋದಿಲ್ಲ ಮೇಡಂ, ಟ್ರ್ಯಾಕ್ಟರಿನ ಮರಿ ಇದ್ದ ಹಾಗಿದೆ" ಎಂದು ಅಂಗಡಿಯವರು ಮೂಗು ಮುರಿದರು. "ನಂಗೂ ಉಳೋದೇ ಇರೂದು" ಎಂದರು ವನಜಕ್ಕ. ಸಿಕ್ಕಿದ್ದು ಒಂದೇ ಜೊತೆಯಾದ್ದರಿಂದ ಅದು ಅವರಿಗೆ. ನನಗೆ ನನ್ನ ಹಳೆಯವೇ ಗತಿ.

ಅಲ್ಲೇ ಹಾಕಿಸಿಕೊಂಡು ಇಕ್ಕೇರಿಗೆ ತುಳಿದೆವು. ಅಘೋರೇಶ್ವರನಿಗೆ ಕೈ ಮುಗಿದು, ಗದ್ದೆ ಬದಿಯ ದಾರಿ ಹಿಡಿದು ವರದಮೂಲದ ಕಡೆ ಹೊರಟರೆ, ಕೆಸರು ಹಲ್ಲಿಗೆ ಮೆತ್ತುತ್ತದೆ, ನಾಲ್ಕು ಸುತ್ತಿಗೆ ತಾನೇ ಎಗರಿ ಬೀಳುತ್ತದೆ! ವನಜಕ್ಕನ ಬೆನ್ನು ಪೂರ್ತಿ ಕೆಸರು, ಹಿಂದಿದ್ದ ನನ್ನ ಮುಖ ಪೂರ್ತಿ ಕೆಸರು. ಖುಷಿಯ ಭರದಲ್ಲಿ ಗಾಳಿಯನ್ನು ಇನ್ನೂ ಇಳಿಸಿದೆವು, ಇನ್ನೂ ಇಳಿಸಿದೆವು. ವರದಮೂಲ ಇನ್ನೇನು ಬಂತು ಅನ್ನುವಾಗ ವನಜಕ್ಕನ ಹಿಂದಿನ ಚಕ್ರ ಒಂದು ಕಲ್ಲಿಗೆ ಬಡಿದು ರಿಮ್ಮೇ ಟ್ಯೂಬನ್ನು ಕಚ್ಚಿಹಾಕಿತು. ತಳ್ಳಿಕೊಂಡು ಹೋಗಿ ತೀರ್ಥದ ಕಟ್ಟೆಯ ಹತ್ತಿರ ಕೂತು ಪ್ಯಾಚು ಹಾಕಿದೆವು. ಪಕ್ಕದಲ್ಲೇ ಒಂದು ನದಿ ಹುಟ್ಟುತ್ತಿತ್ತು, ಸದ್ದೇ ಇಲ್ಲ. ಇಷ್ಟು ಸಣ್ಣಗೆ ಶುರುವಾಗಿ ಅಷ್ಟು ದೂರ ಹೋಗುತ್ತದಲ್ಲ ಎಂದು ನಾನು ಬೆರಗಿನಿಂದ ನೋಡುತ್ತಿದ್ದರೆ ವನಜಕ್ಕ, "ನೀರು ಆಮೇಲೆ ನೋಡು ಮಾರಾಯ್ತಿ, ಮೊದ್ಲು ಈ ಟಯರು ಎಳಿ" ಎಂದು ಗದರಿದರು. ನಾನು ಟೀಚರ್ರು ಹೋಗಿ ಮಾರಾಯ್ತಿ ಆದದ್ದು ಅಲ್ಲಿಯೇ.

ಆಮೇಲಿನ ವಾರಗಳು ಹದ ಹುಡುಕುವ ವಾರಗಳು. ನನ್ನ ಹತ್ತಿರ ಗಾಳಿ ಅಳೆಯುವ ಪುಟ್ಟ ಮೀಟರಿತ್ತು. ಮುಂದಿನ ಚಕ್ರಕ್ಕೆ ಇಪ್ಪತ್ತೆರಡು ಪೌಂಡು, ಹಿಂದಿನದಕ್ಕೆ ಇಪ್ಪತ್ತೈದರ ಆಸುಪಾಸು ವನಜಕ್ಕನ ತೂಕಕ್ಕೆ ಸರಿ ಬಂತು. ಭಾರವೆಲ್ಲ ಹಿಂದೆ ಬೀಳುವುದರಿಂದ ಅಲ್ಲಿ ಸ್ವಲ್ಪ ಗಟ್ಟಿ, ದಾರಿ ಹುಡುಕುವುದು ಮುಂದಿನ ಚಕ್ರವಾದ್ದರಿಂದ ಅಲ್ಲಿ ಸ್ವಲ್ಪ ಮೆದು. ಮೀಟರು ನೋಡುವ ಮೊದಲು ಹೆಬ್ಬೆರಳಿನಿಂದ ಒತ್ತಿ, ಇಷ್ಟಿರಬೇಕು ಎಂದು ಊಹಿಸುವುದು ವನಜಕ್ಕನಿಗೆ ಆಟವಾಯಿತು. ಮೊದಮೊದಲು ಪೂರ್ತಿ ತಪ್ಪು. ಬರಬರುತ್ತ ಹತ್ತಿರ. ಅಷ್ಟರಲ್ಲಿ ಮಲೆನಾಡಿನ ತೇವಕ್ಕೆ ನನ್ನ ಮೀಟರಿಗೆ ಬೂಸ್ಟು ಹಿಡಿದು ಅದು ಕಣ್ಣು ಮುಚ್ಚಿತು. ಹೊಸದು ತರಿಸೋಣ ಎನ್ನುತ್ತ ದಿನ ದೂಡಿದೆವು.

ಪುಷ್ಯ ಮಳೆಯಲ್ಲಿ ಆ ದಿನ ಬಂತು. ಗುಡ್ಡದ ಮೇಲಿನ ಪದ್ಮಯ್ಯಜ್ಜನ ಮನೆಯ ಮೊಮ್ಮಗಳು ಹೆರಿಗೆ ಮುಗಿಸಿಕೊಂಡು ಮನೆಗೆ ಬಂದಿದ್ದಳು. ಕೂಸು ತೂಕ ಕಡಿಮೆ, ಹಾಲು ಸರಿಯಾಗಿ ಕುಡಿಯುತ್ತಿಲ್ಲ ಎಂದು ಫೋನು. ಡಾಕ್ಟ್ರೇ ಜೀಪಿನಲ್ಲಿ ಹೊರಟರು, ನಮ್ಮ ಸೈಕಲ್ಲುಗಳನ್ನು ಹಿಂದೆ ಕಟ್ಟಿಕೊಂಡು. ಶನಿವಾರವಾದ್ದರಿಂದ ಶಾಲೆ ಮುಗಿಸಿ ನಾನೂ ಹತ್ತಿದೆ. ಹಳ್ಳದ ಹತ್ತಿರ ಜೀಪು ನಿಂತಿತು. ಸಂಕದ ಆಚೆ, ಗುಡ್ಡದ ಕೊನೆಯ ಇಳಿಜಾರು ಅಲ್ಲಿಂದಲೇ ಕಾಣುತ್ತದೆ. ಡಾಕ್ಟ್ರು ಒಳ್ಳೆಯ ಮನುಷ್ಯರು, ಆದರೆ ಮಾತು ನೇರ.

"ಸಿಸ್ಟರ್, ನಿಮ್ಮ ಕೈ ಇನ್ನೊಂದ್ಸಲ ಮುರಿದ್ರೆ ನಂಗೆ ನಿದ್ದೆ ಬರೋದಿಲ್ಲ. ಹೋಗಿ ಬನ್ನಿ. ನೀವು ಆ ಇಳಿಜಾರು ಹ್ಯಾಗೆ ಇಳೀತೀರಿ ಅಂತ ನಾನು ಇಲ್ಲೇ ನಿಂತು ನೋಡ್ತೀನಿ. ಅದ್ರ ಮೇಲೆ ತೀರ್ಮಾನ."

ವನಜಕ್ಕ ತಲೆಯಾಡಿಸಿ ಸೈಕಲ್ಲನ್ನು ಹೆಗಲಿಗೇರಿಸಿಕೊಂಡರು.

ಹತ್ತುವುದು ಸಲೀಸಾಯಿತು. ಕೂಸನ್ನು ತೂಗಿ, ತಾಯಿಯ ಎದೆಗೆ ಹಿಡಿಯುವ ಬಗೆ ತೋರಿಸಿ, ಅದು ಚಪ್ಪರಿಸಿ ಕುಡಿಯುವ ತನಕ ವನಜಕ್ಕ ಪಕ್ಕ ಬಿಟ್ಟು ಏಳಲಿಲ್ಲ. ಫೋನಿನಲ್ಲಿ ಡಾಕ್ಟ್ರಿಗೆ ಎಲ್ಲ ಹೇಳಿದರು. ಕಾಫಿ, ಕೊಟ್ಟೆಕಡುಬು ಮುಗಿಸಿ ಅಂಗಳಕ್ಕೆ ಬಂದರೆ, ಪದ್ಮಯ್ಯಜ್ಜ ವನಜಕ್ಕನ ಸೈಕಲ್ಲಿನ ಪಕ್ಕ ಏದುಸಿರು ಬಿಡುತ್ತ ನಿಂತಿದ್ದಾರೆ. ಕೈಯಲ್ಲಿ ಮೊಮ್ಮಗನ ಬೈಕಿಗೆ ಗಾಳಿ ಹಾಕುವ ಕಾಲ್ಪಂಪು.

"ಎಂತ ಸಿಸ್ಟ್ರಮ್ಮ ಇದು? ಎರಡೂ ಚಕ್ರ ಮೆತ್ತಗೆ! ನಮ್ಮ ಮನೆಗೆ ಬಂದೋರ್ನ ಗಾಳಿ ಇಲ್ದಿದ್ದ ಸೈಕಲ್ಲಲ್ಲಿ ಕಳ್ಸೂದಾ? ಮೊದ್ಲೇ ಒಂದ್ಸಲ ಬಿದ್ದೋರು ನೀವು. ತುಂಬ್ಸಿದೀನಿ ನೋಡಿ." ಬೆರಳ ಗೆಣ್ಣಿನಿಂದ ಟಯರಿಗೆ ಕುಟ್ಟಿ ತೋರಿಸಿದರು. ಟಣ್ ಟಣ್ ಎಂದಿತು. "ಕಲ್ಲಾಗಿದೆ ಈಗ. ಶಿವಮೊಗ್ಗ ತನಕ ಚಿಂತೆ ಇಲ್ಲ."

"ಅಜ್ಜಾ, ಹಿಂಗ ಗಾಳಿ..." ಎಂದು ಶುರು ಮಾಡಿದೆ. ವನಜಕ್ಕ ನನ್ನ ಕಾಲು ತುಳಿದರು, ಅದೂ ಬೂಟಿನಲ್ಲಿ.

"ದೊಡ್ಡ ಉಪಕಾರ ಆಯ್ತು ಅಜ್ಜ" ಎಂದರು.

ಆ ಕಡೆಯವರ ಮರ್ಯಾದೆ ನಿಮಗೆ ಗೊತ್ತಿಲ್ಲ. ಬಂದವರು ಕಣ್ಣಿಗೆ ಮರೆಯಾಗುವ ತನಕ ಮನೆಯವರು ಅಂಗಳ ಬಿಟ್ಟು ಒಳಗೆ ಹೋಗುವುದಿಲ್ಲ. ಅಜ್ಜ ಪಂಪನ್ನು ಎದೆಗವಚಿಕೊಂಡು ನಿಂತೇ ಇದ್ದರು. ಮೊದಲ ತಿರುವಿನ ತನಕ ಅವರ ಕಣ್ಣೆದುರು ಹೋಗಲೇಬೇಕು. ಇಳಿದು ತಳ್ಳಿದರೆ ಅಜ್ಜನ ಮುಖ ಸಣ್ಣದಾಗುತ್ತದೆ. ಆ ತುಂಡು ದಾರಿಯೋ, ಹಾವಸೆ ಕಟ್ಟಿದ ಮುರಕಲ್ಲು. ವನಜಕ್ಕ ಹತ್ತಿದರು. ಹತ್ತು ಮಾರು ಹೋಗಿರಬಹುದು, ಮುಂದಿನ ಚಕ್ರ ಪಕ್ಕಕ್ಕೆ ಜಾರಿತು. ಕಾಲು ಊರಿ, ದಾರಿ ಬದಿಯ ಧರೆಯ ಗೋಡೆಗೆ ಭುಜ ತಾಗಿಸಿ, ಹೇಗೋ ಸಾವರಿಸಿಕೊಂಡು ತಿರುವು ದಾಟಿ ನಿಂತರು. ನಾನು ಹೋಗಿ ನೋಡಿದರೆ ಮುರಿದಿದ್ದ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಾರೆ.

"ಸಾಕು ಅಕ್ಕ, ನಡಕೊಂತ ಇಳಿಯೋಣ. ಮೀಟರೂ ಇಲ್ಲ" ಎಂದೆ.

"ನಡೆದ್ರೆ ಕೆಳಗೆ ಡಾಕ್ಟ್ರು ನೋಡ್ತಾರೆ. ನೋಡಿದ್ರೆ ಮುಗೀತು. ಆ ಕೂಸಿಗೆ ಮುಂದಿನ ವಾರ ತೂಕ ಮಾಡೋರು ಯಾರೂ ಇಲ್ಲ" ಎಂದರು. ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ತಲೆಯಿಂದ ಹೇರ್‌ಪಿನ್ ಕಿತ್ತು, ವಾಲ್ವಿನ ಮೊಳೆ ಒತ್ತಿದರು. ಸುಯ್ಯೆಂದು ಗಾಳಿ ಹೊರಟಿತು. ಬಿಡುವುದು, ಹೆಬ್ಬೆರಳಿನಿಂದ ಒತ್ತುವುದು, ಕಣ್ಣು ಮುಚ್ಚುವುದು, ಮತ್ತೆ ಒಂಚೂರು ಬಿಡುವುದು. ಮುಂದಿನದು ಮುಗಿಸಿ ಹಿಂದಿನದಕ್ಕೆ ಬಂದರು. ಮಳೆ ಅವರ ಬೆನ್ನ ಮೇಲೆ ಸುರಿಯುತ್ತಲೇ ಇತ್ತು. ನಾನು ಸೈಕಲ್ಲು ವಾಲದ ಹಾಗೆ ಹ್ಯಾಂಡಲು ಹಿಡಿದುಕೊಂಡೆ. ಎದ್ದು ಸೀಟಿನ ಮೇಲೆ ಭಾರ ಬಿಟ್ಟು ಟಯರು ನೆಲಕ್ಕೆ ಹರಡಿಕೊಳ್ಳುವುದನ್ನು ನೋಡಿದರು.

"ಹಾಂ, ಇಷ್ಟು" ಎಂದರು. ಹತ್ತಿದರು.

ನಾನು ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಲ್ಲು ಬಂದರೆ ಟಯರು ಕಲ್ಲಿನ ಆಕಾರಕ್ಕೆ ತಗ್ಗಿ ಅದನ್ನು ನುಂಗಿಕೊಂಡು ದಾಟಿತು. ಅಡ್ಡ ಬೇರು ಬಂದರೆ ಬೇರನ್ನು ತಬ್ಬಿ ದಾಟಿತು. ಕೆಸರು ಬಂದಲ್ಲಿ ಹಲ್ಲು ಊರಿ, ಎದ್ದು, ಕೆಸರನ್ನು ಎರಡೂ ಕಡೆ ಎರಚಿ ಮುಂದೆ ಹೋಯಿತು. ವನಜಕ್ಕ ಬ್ರೇಕನ್ನು ಹಿಂಡಲಿಲ್ಲ, ಸುಮ್ಮನೆ ಎರಡು ಬೆರಳು ಇಟ್ಟಿದ್ದರು. ಮೊಣಕೈ ಸಡಿಲ, ನೋಟ ದೂರ. ಸುತ್ತ ಇಡೀ ಗುಡ್ಡವೇ ನೀರಾಗಿ ಇಳಿಯುತ್ತಿತ್ತು. ಅದರ ನಡುವೆ ಆ ಹೆಂಗಸು ಎರಡು ಅಂಗೈ ನೆಲವನ್ನು ನಂಬಿ ಇಳಿಯುತ್ತಿದ್ದರು. ಇಷ್ಟೆಲ್ಲ ನೀರು, ಇಷ್ಟೆಲ್ಲ ಜಾರು, ಆದರೂ ನೆಲ ಕೈ ಬಿಡುವುದಿಲ್ಲವಲ್ಲ! ನನಗೆ ಅಳು ಬಂತು, ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ನನ್ನ ಒಣ ನೆಲದ ಟಯರನ್ನು ತಳ್ಳಿಕೊಂಡು, ಜಾರುತ್ತ, ಮೂಗು ಒರೆಸಿಕೊಳ್ಳುತ್ತ ಹಿಂದೆ ಓಡಿದೆ.

ನಾನು ಸಂಕ ದಾಟಿ ಬರುವಷ್ಟರಲ್ಲಿ ವನಜಕ್ಕ ಜೀಪಿನ ಹತ್ತಿರ ನಿಂತು ಚೂಡಿದಾರದ ವೇಲು ಹಿಂಡುತ್ತಿದ್ದರು. ಡಾಕ್ಟ್ರು ಕೊಡೆ ಹಿಡಿದುಕೊಂಡು, ಆದರೆ ಅದನ್ನು ಬಿಚ್ಚುವುದನ್ನೇ ಮರೆತು, ಪೂರ್ತಿ ನೆನೆದುಹೋಗಿದ್ದರು. ಮೇಜಿನ ಮಾತು ಎತ್ತಲೇ ಇಲ್ಲ. ಗುಡ್ಡವನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿದರು.

"ಸೋಮವಾರ ಯಾವ ಕಡೆ ಸಿಸ್ಟರ್?"

"ಆಚೆ ಗುಡ್ಡ ಡಾಕ್ಟ್ರೇ. ಇಬ್ರು ಬಸುರೀರಿದಾರೆ" ಎಂದರು ವನಜಕ್ಕ. ಅಷ್ಟು ಹೊತ್ತು ಹಿಡಿದಿಟ್ಟಿದ್ದ ನಗು ಆಗ ಹೊರಬಂತು. ಹಳ್ಳದ ಸದ್ದಿನ ಮೇಲೂ ಕೇಳಿಸಿತು.

ಕೂಸಿನ ತೂಕಕ್ಕೆ ಆಮೇಲೆ ವಾರವಾರ ಹೋದೆವು. ಅದು ಗುಂಡಗಾಗುತ್ತ ಬಂತು. ಪ್ರತಿಸಲವೂ ನಾವು ಒಳಗೆ ಹೋಗುವುದನ್ನೇ ಕಾದು ಪದ್ಮಯ್ಯಜ್ಜ ಪಂಪು ತರುತ್ತಿದ್ದರು. ಎರಡನೇ ಸಲದಿಂದ ನನ್ನ ಸೈಕಲ್ಲಿಗೂ. ನನಗೆ ತಡೆಯಲಾಗದೆ ಒಂದು ದಿನ, "ಬೇಡ ಅಂತ ಹೇಳಿಬಿಡ್ರಲ್ಲ ಅಕ್ಕ, ಒಂದು ಮಾತು" ಎಂದೆ.

"ಎಂತ ಹೇಳೂದು?" ಎಂದರು ವನಜಕ್ಕ. "ಆ ವಯಸ್ಸಲ್ಲಿ ದಮ್ಮು ಕಟ್ಕೊಂಡು ಪಂಪು ತುಳೀತಾರೆ, ನಾನು ಬೀಳ್ಬಾರ್ದು ಅಂತ. ಬೇಡ ಅನ್ಲಿಕ್ಕೆ ನಂಗೆ ಬಾಯಿ ಬರೂದಿಲ್ಲ ಮಾರಾಯ್ತಿ."

ಅದಕ್ಕೇ ಆ ಮಳೆಗಾಲ ಮುಗಿಯುವ ತನಕ ಅಜ್ಜನಿಗೆ ಕೈ ಬೀಸುತ್ತ, ಕಲ್ಲಿನಂಥ ಟಯರಿನ ಮೇಲೆ ಉಸಿರು ಬಿಗಿಹಿಡಿದು ತಿರುವು ದಾಟುತ್ತಿದ್ದೆವು. ದಾಟಿದ ಮೇಲೆ ಇಬ್ಬರೂ ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತು, ಅಜ್ಜನಿಗೆ ಕೇಳಿಸದ ಹಾಗೆ, ಅವರು ಹಾಕಿದ ಗಾಳಿಯನ್ನು ಮೆಲ್ಲಗೆ ಮೆಲ್ಲಗೆ ಬಿಡುತ್ತಿದ್ದೆವು.